ಆಧುನಿಕ ಫ್ರೆಂಚ್ ಸಾಹಿತ್ಯ: ಮೊದಲು ಯಾರನ್ನು ಓದೋದು?

ಫ್ರೆಂಚ್ ಸಾಹಿತ್ಯ ಓದಬೇಕು ಅಂತ ಮನಸ್ಸು ಮಾಡಿದವರು ಸಾಮಾನ್ಯವಾಗಿ ಒಂದೇ ಕಡೆ ಸಿಕ್ಕಿಕೊಳ್ಳುತ್ತಾರೆ. ಆಲ್ಬೆರ್ ಕಮೂ ಅವರಿಂದ ಶುರು ಮಾಡಲೋ? 2022ರಲ್ಲಿ ನೊಬೆಲ್ ಪಡೆದ ಆನಿ ಎರ್ನೋ ಅವರನ್ನು ಓದಲೋ? 2014ರಲ್ಲಿ ಪಡೆದ ಪಾತ್ರಿಕ್ ಮೊದಿಯಾನೊ ಹೇಗೆ? ಪ್ರೂಸ್ತ್ ಓದದೆ ಇವರನ್ನೆಲ್ಲ ಓದಿದರೆ ಅರ್ಥವಾಗುತ್ತದೆಯೇ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಧಾರಾಳವಾಗಿ ಅರ್ಥವಾಗುತ್ತದೆ. ಪ್ರೂಸ್ತ್ ಅವರ ಕಾದಂಬರಿ ಏಳು ಭಾಗಗಳಲ್ಲಿ 1913ರಿಂದ 1927ರವರೆಗೆ ಬಂತು. ಅದಕ್ಕೆ ತಿಂಗಳುಗಟ್ಟಲೆ ಬಿಡುವು ಬೇಕು. ಅದನ್ನು ಮುಂದಕ್ಕೆ ಇಟ್ಟುಕೊಳ್ಳಿ. ಇಲ್ಲಿ ನಾನು ಮಾತಾಡುತ್ತಿರುವುದು 1942ರಿಂದ ಈಚೆಗೆ ಬಂದ ಪುಸ್ತಕಗಳ ಬಗ್ಗೆ. ಹೆಚ್ಚಿನವು ಸಣ್ಣವು. ಒಂದೆರಡು ಭಾನುವಾರಗಳಲ್ಲಿ ಮುಗಿಯುತ್ತವೆ.

ಆಯ್ಕೆಗೆ ಮುಂಚೆ ನಮ್ಮನ್ನೇ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ. ಫ್ರಾನ್ಸಿನ ಚರಿತ್ರೆ ನಮಗೆ ಎಷ್ಟು ಗೊತ್ತು? ಎರಡನೇ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಿಸ್ ಹಿಡಿದದ್ದು, ಫ್ರಾನ್ಸಿನ ವಸಾಹತಾಗಿದ್ದ ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ, 1968ರ ಮೇ ತಿಂಗಳ ವಿದ್ಯಾರ್ಥಿ-ಕಾರ್ಮಿಕರ ಗಲಭೆ, ಇಷ್ಟು ತಿಳಿದಿದ್ದರೆ ಕೆಲವು ಪುಸ್ತಕಗಳು ತಾವಾಗಿ ತೆರೆದುಕೊಳ್ಳುತ್ತವೆ. ಇನ್ನು ಕೆಲವಕ್ಕೆ ಏನೂ ಬೇಡ. ಎರಡನೆಯದು ಅನುವಾದ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷಿನ ಮೂಲಕವೇ ಓದುವುದು. ಕೆಲವು ಲೇಖಕರು ಆ ದಾರಿಯಲ್ಲಿ ಏನೂ ಕಳೆದುಕೊಳ್ಳುವುದಿಲ್ಲ, ಕೆಲವರು ಬಹಳ ಕಳೆದುಕೊಳ್ಳುತ್ತಾರೆ. ಮೂರನೆಯದು, ಆ ಹೊತ್ತಿಗೆ ಮನಸ್ಸು ಎಷ್ಟು ಭಾರ ತಡೆದೀತು ಅನ್ನುವುದು. ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಆದರೆ ಅರ್ಧಕ್ಕೆ ಬಿಟ್ಟ ಪುಸ್ತಕಗಳಿಗೆ ಬಹಳ ಸಲ ಇದೇ ಕಾರಣ. ಕೊನೆಗೆ ದುಡ್ಡು. ಹೊರದೇಶದಿಂದ ಬರುವ ಪ್ರತಿಗಳ ಬೆಲೆ ಜಾಸ್ತಿ.

ಇವುಗಳ ಜೊತೆಗೆ ನನ್ನದೇ ಒಂದು ಅಳತೆ ಇದೆ. ಈ ಸಾಹಿತ್ಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಲೇಖಕರು ಹೇಳದೆ ಬಿಡುವ ಮಾತು. ದನಿ ಏರಿಸಬೇಕಾದ ಕಡೆ ಇವರು ತಗ್ಗಿಸುತ್ತಾರೆ. ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಸುಮ್ಮನಾಗುತ್ತಾರೆ. ಯಾವ ಮೌನ ನಿಮಗೆ ಹತ್ತಿರ ಅನ್ನುವುದು ಗೊತ್ತಾದರೆ ಯಾರಿಂದ ಶುರು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಕಮೂ: ಎಲ್ಲರಿಗೂ ಗೊತ್ತಿರುವ ದಾರಿ

'ದಿ ಔಟ್‌ಸೈಡರ್' 1942ರಲ್ಲಿ ಬಂತು. ಅಲ್ಜಿಯರ್ಸಿನ ಗುಮಾಸ್ತ ಮೆರ್ಸೋ ತಾಯಿಯ ಮಣ್ಣಿಗೆ ಹೋಗಿ ಬರುತ್ತಾನೆ, ಅಳುವುದಿಲ್ಲ. ಕೆಲವು ದಿನಗಳ ನಂತರ ಸಮುದ್ರದ ದಂಡೆಯಲ್ಲಿ ಒಬ್ಬ ಅರಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೋರ್ಟಿನಲ್ಲಿ ಕೊಲೆಗಿಂತ ಆ ಅಳದೆ ಇದ್ದದ್ದೇ ದೊಡ್ಡ ಅಪರಾಧವಾಗುತ್ತದೆ. ಮೆರ್ಸೋ ಸುಮ್ಮನಿರುವುದು ತನಗೆ ಅನಿಸದ್ದನ್ನು ಹೇಳಲು ಒಪ್ಪದೆ ಇರುವುದಕ್ಕೆ.

ಇದರ ಅನುಕೂಲ ದೊಡ್ಡದು. ಪುಸ್ತಕ ಚಿಕ್ಕದು, ವಾಕ್ಯಗಳು ಚಿಕ್ಕವು. ಚರಿತ್ರೆ ಗೊತ್ತಿಲ್ಲದಿದ್ದರೂ ಕಥೆ ಹಿಡಿದು ಕೂರಿಸುತ್ತದೆ. ಇಂಗ್ಲಿಷಿನಲ್ಲಿ ಒಂದಲ್ಲ, ಹಲವು ಅನುವಾದಗಳಿವೆ. 1946ರ ಸ್ಟುವರ್ಟ್ ಗಿಲ್ಬರ್ಟ್ ಅವರದು ಈಗ ಸ್ವಲ್ಪ ಹಳೆಯದಾಗಿ ಕೇಳಿಸುತ್ತದೆ. 1988ರ ಮ್ಯಾಥ್ಯೂ ವಾರ್ಡ್, 2012ರ ಸಾಂಡ್ರಾ ಸ್ಮಿತ್ ಇಬ್ಬರೂ ಮೂಲದ ಬಿಡಿಬಿಡಿ ದನಿಯನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಇವೆರಡರಲ್ಲಿ ಯಾವುದು ಸಿಕ್ಕರೂ ತೆಗೆದುಕೊಳ್ಳಿ.

ಕನ್ನಡದ ಓದುಗರಿಗೆ ಇನ್ನೊಂದು ಮಾತಿದೆ. ನಮ್ಮ ನವ್ಯದ ಕಾಲದ ಲೇಖಕರು ಕಮೂ, ಅವರ ಕಾಲದ ಫ್ರೆಂಚ್ ಲೇಖಕ-ತತ್ವಜ್ಞಾನಿ ಸಾರ್ತ್ರ್ ಇಬ್ಬರನ್ನೂ ಓದಿ ಅವರ ಬಗ್ಗೆ ವಾದ ಮಾಡಿದವರು. ಒಂಟಿ ನಾಯಕ, ಅರ್ಥ ಕಳೆದುಕೊಂಡ ಬದುಕು, ಇವೆಲ್ಲ ನಮ್ಮ ಕಥೆ ಕಾದಂಬರಿಗಳಲ್ಲಿ ಆಗಲೇ ಬಂದುಹೋಗಿವೆ. ಅವನ್ನು ಓದಿ ಬೆಳೆದವರಿಗೆ ಮೆರ್ಸೋ ಪರಿಚಿತ ಮುಖದ ಹಾಗೆ ಕಾಣಬಹುದು. ಹೊಸದೇನೋ ಬೇಕು ಅಂತ ಬಂದವರಿಗೆ ಇದು ಕೊರತೆಯೇ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸತ್ತ ಅರಬನಿಗೆ ಇಡೀ ಕಾದಂಬರಿಯಲ್ಲಿ ಒಂದು ಹೆಸರೂ ಇಲ್ಲ. ಓದುವಾಗ ಇದು ನನ್ನನ್ನು ಚುಚ್ಚುತ್ತಲೇ ಇರುತ್ತದೆ. ಅಲ್ಜೀರಿಯಾದ ಕಮೆಲ್ ದಾವೂದ್ ಅವರನ್ನೂ ಚುಚ್ಚಿತು. 2013ರಲ್ಲಿ ಅವರು ಬರೆದ 'ದಿ ಮೆರ್ಸೋ ಇನ್ವೆಸ್ಟಿಗೇಷನ್' ಕಾದಂಬರಿಯಲ್ಲಿ ಸತ್ತವನ ತಮ್ಮ ಹಾರೂನ್, ಒರಾನ್ ಊರಿನ ಬಾರಿನಲ್ಲಿ ಕೂತು ಅಣ್ಣನ ಕಥೆ ಹೇಳುತ್ತಾನೆ. ಅಣ್ಣನ ಹೆಸರು ಮೂಸಾ. ಕಮೂ ಅವರ ನಾಯಕನ ತಾಯಿ ಮೊದಲ ಸಾಲಿನಲ್ಲೇ ಸತ್ತಿರುತ್ತಾಳೆ, ಹಾರೂನನ ತಾಯಿ ಇನ್ನೂ ಬದುಕಿರುತ್ತಾಳೆ, ಮಗನ ಸಾವನ್ನು ಎದೆಯಲ್ಲಿ ಇಟ್ಟುಕೊಂಡು. ವಸಾಹತು ಆಳ್ವಿಕೆ ಕಂಡ ದೇಶದ ಓದುಗರಾದ ನಾವು ಈ ಎರಡನ್ನೂ ಒಟ್ಟಿಗೆ ಓದಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಮೂ ಆರಿಸಿಕೊಂಡರೆ ಒಂದರ ಬದಲು ಎರಡು ಪುಸ್ತಕದ ದುಡ್ಡು, ಎರಡು ಪುಸ್ತಕದ ಸಮಯ ತೆಗೆದಿಡಿ.

ಕಮೂ ಬರವಣಿಗೆ ತಣ್ಣಗಿದೆ, ಮನಸ್ಸಿಗೆ ತಾಗುವುದಿಲ್ಲ ಅನ್ನುವವರೂ ಇದ್ದಾರೆ. ಅವರಿಗೆ 'ದಿ ಫಸ್ಟ್ ಮ್ಯಾನ್' ಕೊಡಬೇಕು. 1960ರ ಜನವರಿ 4ರಂದು ಕಮೂ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರ ಜೊತೆಗಿದ್ದ ಹಸ್ತಪ್ರತಿ ಅದು. ಮುದ್ರಣವಾಗಿದ್ದು 1994ರಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ಸತ್ತ ಮೇಲೆ, ಮನೆಗೆಲಸ ಮಾಡಿ ಸಾಕಿದ, ಓದು ಬಾರದ, ಕಿವಿ ಮಂದವಾದ ತಾಯಿ ಇದರಲ್ಲಿದ್ದಾರೆ. ಈ ಪುಸ್ತಕವನ್ನು ಎಂದೂ ಓದಲಾರದ ಆ ತಾಯಿಗೇ ಅದರ ಅರ್ಪಣೆ. ಅಪೂರ್ಣ ಕೃತಿ, ತಿದ್ದಿಲ್ಲ. ಆದರೂ ನನಗೆ ಕಮೂ ಇಷ್ಟವಾಗಿದ್ದು ಇದನ್ನು ಓದಿದ ಮೇಲೆ.

ಎರ್ನೋ: ನನ್ನ ಮೊದಲ ಸಲಹೆ

ಒಂದೇ ಪುಸ್ತಕ ಹೇಳಿ ಅಂತ ಯಾರಾದರೂ ಪಟ್ಟು ಹಿಡಿದರೆ ನಾನು ಹೇಳುವುದು ಆನಿ ಎರ್ನೋ ಅವರ 'ಎ ಮ್ಯಾನ್ಸ್ ಪ್ಲೇಸ್'. ಫ್ರೆಂಚಿನಲ್ಲಿ 1983ರಲ್ಲಿ ಬಂದದ್ದು, 1984ರಲ್ಲಿ ರೆನೋದೋ ಬಹುಮಾನ ಪಡೆದದ್ದು. ನೂರು ಪುಟದ ಆಸುಪಾಸಿನ ಪುಸ್ತಕ.

ಎರ್ನೋ ಅವರು ಮೇಷ್ಟರ ಕೆಲಸಕ್ಕೆ ಬೇಕಾದ ಪರೀಕ್ಷೆ ಪಾಸು ಮಾಡುತ್ತಾರೆ. ಸರಿಯಾಗಿ ಎರಡು ತಿಂಗಳಿಗೆ ಅಪ್ಪ ತೀರಿಕೊಳ್ಳುತ್ತಾರೆ. ಅಪ್ಪ ಮೊದಲು ಹೊಲದಲ್ಲಿ ಆಳಾಗಿ ದುಡಿದವರು, ಆಮೇಲೆ ಕಾರ್ಖಾನೆಯಲ್ಲಿ, ಕೊನೆಗೆ ನಾರ್ಮಂಡಿಯ ಇವ್ತೋ ಎಂಬ ಸಣ್ಣ ಊರಿನಲ್ಲಿ ಕಿರಾಣಿ ಅಂಗಡಿ ಮತ್ತು ಕೆಫೆ ಇಟ್ಟವರು. ಮಗಳು ಓದಿ ಮೇಲೆ ಬಂದಳು. ಮೇಲೆ ಬಂದಷ್ಟೂ ಅಪ್ಪ ಮಗಳ ಮಧ್ಯೆ ಮಾತು ಕಡಿಮೆಯಾಯಿತು. ಅಪ್ಪನ ಮಾತಿನ ರೀತಿ, ಊಟದ ರೀತಿ ಮಗಳಿಗೆ ಮುಜುಗರ ತರತೊಡಗಿತು. ಅಪ್ಪನಿಗೂ ಅದು ಗೊತ್ತು. ಆದರೂ ತನ್ನನ್ನು ಕಡೆಗಣಿಸಿದ ಲೋಕಕ್ಕೆ ಮಗಳು ಸೇರಿದ್ದೇ ಅವರ ದೊಡ್ಡ ಹೆಮ್ಮೆ.

ಇದನ್ನು ಓದಲು ಫ್ರಾನ್ಸಿನ ಚರಿತ್ರೆ ಬೇಕಾ? ಬೇಡವೇ ಬೇಡ. ಮನೆಯಲ್ಲಿ ಮೊದಲ ಸಲ ಕಾಲೇಜು ಹತ್ತಿದವರು, ಊರಿನ ಮಾತನ್ನು ಪಟ್ಟಣದಲ್ಲಿ ಅಡಗಿಸಿಟ್ಟವರು, ಗೆಳೆಯರು ಮನೆಗೆ ಬಂದಾಗ ಒಳಗೊಳಗೇ ಕುಗ್ಗಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ನಮ್ಮ ಆತ್ಮಕಥೆಗಳಲ್ಲೂ ಈ ನೋವಿದೆ. ಜಾತಿಯ ಗಾಯ ಬೇರೆ, ಅದನ್ನು ವರ್ಗದ ಕಥೆಯ ಜೊತೆ ಸಮ ಮಾಡಿ ಹೇಳಲಾಗದು. ಆದರೆ ಮೇಲೆ ಬಂದವರ ಒಳಗಿನ ನಾಚಿಕೆ, ಆ ನಾಚಿಕೆಯ ಬಗ್ಗೆ ಮತ್ತೆ ನಾಚಿಕೆ, ಅದನ್ನು ಎರ್ನೋ ಇಷ್ಟು ನೇರವಾಗಿ ಬರೆದದ್ದು ನಮಗೆ ತಟ್ಟನೆ ತಾಗುತ್ತದೆ.

ಎರ್ನೋ ಅವರ ಮೌನಕ್ಕೆ ಅವರೇ ಕಾರಣ ಹೇಳುತ್ತಾರೆ. ಮೊದಲು ಅಪ್ಪನ ಬಗ್ಗೆ ಕಾದಂಬರಿ ಬರೆಯಲು ಹೊರಟರಂತೆ. ಮಧ್ಯದಲ್ಲೇ ಬಿಟ್ಟರು. ಹೊಟ್ಟೆಪಾಡಿಗೆ ದುಡಿದು ಸವೆದ ಬದುಕನ್ನು ಚಂದ ಮಾಡಿ, ಕಣ್ಣೀರು ಬರಿಸುವಂತೆ ಹೇಳುವುದು ಅಪ್ಪನಿಗೆ ಮಾಡುವ ದ್ರೋಹ ಅನಿಸಿತು. ಹಾಗಾಗಿ ಅಲಂಕಾರವಿಲ್ಲ, ಉಪಮೆಯಿಲ್ಲ. ಊರಿಗೆ ಕಾಗದ ಬರೆದ ಹಾಗಿದೆ. ಇಂಥ ಬರವಣಿಗೆ ಅನುವಾದದಲ್ಲಿ ಕೆಡುವುದು ಕಡಿಮೆ. ತಾನಿಯಾ ಲೆಸ್ಲಿ ಅವರ ಇಂಗ್ಲಿಷ್ ಸರಾಗವಾಗಿ ಓದಿಸಿಕೊಳ್ಳುತ್ತದೆ.

ಹಾಗಂತ ಎರ್ನೋ ಅವರ ಎಲ್ಲ ಪುಸ್ತಕಗಳೂ ಶುರುವಿಗೆ ಒಗ್ಗುವುದಿಲ್ಲ. 2008ರ 'ದಿ ಇಯರ್ಸ್' ಅವರ ಅತಿ ದೊಡ್ಡ ಸಾಧನೆ ಅಂತ ತುಂಬಾ ಜನ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಒಬ್ಬ ಹೆಣ್ಣುಮಗಳ ಬದುಕನ್ನು 'ನಾನು' ಅನ್ನದೆ, ಒಂದು ಇಡೀ ಪೀಳಿಗೆಯ ನೆನಪಾಗಿ ಬರೆದಿದ್ದಾರೆ. ಆದರೆ ಅದರಲ್ಲಿ ಫ್ರೆಂಚ್ ಜಾಹೀರಾತು, ಹಾಡು, ಚುನಾವಣೆ, ಅಂಗಡಿಗಳ ಹೆಸರು ಸಾಲುಸಾಲಾಗಿ ಬರುತ್ತವೆ. ಹೊರಗಿನವರಿಗೆ ಅರ್ಧ ಕೈಗೆ ಸಿಗುವುದಿಲ್ಲ. ಅದನ್ನು ಮೂರನೆಯದೋ ನಾಲ್ಕನೆಯದೋ ಆಗಿ ಓದಿ. 2000ದಲ್ಲಿ ಬಂದ 'ಹ್ಯಾಪನಿಂಗ್' 1963ರಲ್ಲಿ, ಗರ್ಭಪಾತ ಕಾನೂನುಬಾಹಿರವಾಗಿದ್ದ ಕಾಲದಲ್ಲಿ, ಒಬ್ಬ ವಿದ್ಯಾರ್ಥಿನಿಯಾಗಿ ಅವರು ಅನುಭವಿಸಿದ್ದನ್ನು ಹೇಳುತ್ತದೆ. ಫ್ರಾನ್ಸಿನಲ್ಲಿ ಕಾನೂನು ಬದಲಾಗಿದ್ದು 1975ರಲ್ಲಿ. ಬಹಳ ಮುಖ್ಯವಾದ ಪುಸ್ತಕ, ಆದರೆ ಗಟ್ಟಿ ಮನಸ್ಸು ಬೇಕು. ಮನಸ್ಸು ಸರಿಯಿಲ್ಲದ ದಿನಗಳಲ್ಲಿ ಬೇಡ.

ದುಡ್ಡಿನ ವಿಷಯದಲ್ಲಿ ಮಾತ್ರ ಎರ್ನೋ ಸ್ವಲ್ಪ ದುಬಾರಿ. ಪುಟ ಕಡಿಮೆ ಇದ್ದರೂ ಬ್ರಿಟನ್ನಿನ ಫಿಟ್ಸ್‌ಕರಾಲ್ಡೋ ಪ್ರಕಾಶನದ ಪ್ರತಿಗಳು ಆಮದಿನ ಬೆಲೆಗೇ ಸಿಗುತ್ತವೆ. ಇ-ಪುಸ್ತಕ ಅಥವಾ ಗ್ರಂಥಾಲಯದ ದಾರಿ ನೋಡುವುದು ಒಳ್ಳೆಯದು.

ಮೊದಿಯಾನೊ: ನಿಧಾನ ಇಷ್ಟಪಡುವವರಿಗೆ

ಕಥೆ ಬೇಗ ಬೇಗ ಸಾಗಬೇಕು ಅನ್ನುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಹಳೆಯ ಪತ್ರಿಕೆ, ಹಳೆಯ ವಿಳಾಸ, ಇಲ್ಲವಾದ ಮನೆಗಳು, ಇವುಗಳಲ್ಲಿ ಆಸಕ್ತಿ ಇರುವವರು ದಯವಿಟ್ಟು ನಿಲ್ಲಿ.

1941ರ ಡಿಸೆಂಬರ್ 31ರ 'ಪಾರಿ ಸ್ವಾರ್' ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಕಟಣೆ ಬಂದಿತ್ತು. ಹದಿನೈದು ವರ್ಷದ ಹುಡುಗಿ ಡೋರಾ ಬ್ರೂಡರ್ ಕಾಣೆಯಾಗಿದ್ದಾಳೆ, ಎತ್ತರ 1.55 ಮೀಟರ್, ಬೂದು ಬಣ್ಣದ ಜಾಕೆಟ್, ಸುಳಿವು ಸಿಕ್ಕವರು 41, ಬುಲ್ವಾರ್ ಒರ್ನಾನೋ ವಿಳಾಸಕ್ಕೆ ತಿಳಿಸಿ. ಹಲವು ದಶಕಗಳ ನಂತರ ಇದು ಮೊದಿಯಾನೊ ಕಣ್ಣಿಗೆ ಬಿತ್ತು. ಆ ಹುಡುಗಿ ಯಾರು ಅಂತ ಹುಡುಕುತ್ತಾ ಅವರು ಶಾಲೆ, ಪೊಲೀಸ್ ಠಾಣೆ, ಕಡತ, ಬೀದಿಗಳನ್ನೆಲ್ಲ ಸುತ್ತಿದರು. 1942ರ ಸೆಪ್ಟೆಂಬರ್ 18ರಂದು ಯಹೂದಿಯಾದ ಅವಳನ್ನು ತಂದೆಯ ಜೊತೆ ಪ್ಯಾರಿಸ್ ಹತ್ತಿರದ ದ್ರಾನ್ಸಿ ಶಿಬಿರದಿಂದ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ ಸಾಗಿಸಿದ್ದು ದಾಖಲೆಯಲ್ಲಿ ಸಿಕ್ಕಿತು. 1997ರಲ್ಲಿ ಬಂದ 'ಡೋರಾ ಬ್ರೂಡರ್' ಈ ಹುಡುಕಾಟದ ಪುಸ್ತಕ.

ಅವಳು ಹಾಸ್ಟೆಲಿನಿಂದ ಓಡಿಹೋಗಿ ಆ ಚಳಿಗಾಲದಲ್ಲಿ ಎಲ್ಲಿದ್ದಳು ಅನ್ನುವುದು ಮಾತ್ರ ಸಿಗಲಿಲ್ಲ. ಕಾದಂಬರಿಕಾರರಿಗೆ ಅದನ್ನು ಕಲ್ಪಿಸಿ ಬರೆಯುವುದು ಏನು ಕಷ್ಟ? ಮೊದಿಯಾನೊ ಬರೆಯುವುದಿಲ್ಲ. ಅವಳಿಂದ ಎಲ್ಲವನ್ನೂ ಕಿತ್ತುಕೊಂಡವರಿಗೂ ಸಿಗದ ಗುಟ್ಟು ಅದು, ಅವಳದ್ದಾಗಿಯೇ ಇರಲಿ ಅಂತ ಬಿಟ್ಟುಬಿಡುತ್ತಾರೆ. ನಾನು ಓದಿದ ಆಧುನಿಕ ಫ್ರೆಂಚ್ ಪುಸ್ತಕಗಳಲ್ಲಿ ಇಷ್ಟು ಮರ್ಯಾದೆಯ ಮೌನ ಇನ್ನೊಂದಿಲ್ಲ. 2015ರಲ್ಲಿ ಪ್ಯಾರಿಸ್ ನಗರ ಒಂದು ಹಾದಿಗೆ ಅವಳ ಹೆಸರಿಟ್ಟಿತು.

ಇದಕ್ಕೆ ಸ್ವಲ್ಪ ಚರಿತ್ರೆ ಬೇಕು. 1942ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ ಹದಿಮೂರು ಸಾವಿರದಷ್ಟು ಯಹೂದಿಗಳನ್ನು ಹಿಡಿದದ್ದು ಫ್ರೆಂಚ್ ಪೊಲೀಸರೇ. ಅದರಲ್ಲಿ ಫ್ರಾನ್ಸಿನ ಹೊಣೆಯನ್ನು ಅಧ್ಯಕ್ಷರೊಬ್ಬರು ಬಾಯಿಬಿಟ್ಟು ಒಪ್ಪಿಕೊಂಡದ್ದು 1995ರಲ್ಲಿ, ಝಾಕ್ ಶಿರಾಕ್ ಕಾಲದಲ್ಲಿ. ಇಷ್ಟು ತಲೆಯಲ್ಲಿದ್ದರೆ ಸಾಕು. ಪತ್ತೇದಾರಿ ರುಚಿ ಇರುವವರು 1978ರ ಗೊಂಕೂರ್ ಬಹುಮಾನ ಪಡೆದ 'ಮಿಸಿಂಗ್ ಪರ್ಸನ್' ಮೊದಲು ನೋಡಬಹುದು. ನೆನಪು ಕಳೆದುಕೊಂಡ ಪತ್ತೇದಾರ ತಾನು ಯಾರು ಅಂತ ತಾನೇ ಹುಡುಕುವ ಕಥೆ. ಕೊನೆಯಲ್ಲಿ ಎಲ್ಲ ಗಂಟು ಬಿಚ್ಚಿಕೊಳ್ಳುತ್ತದೆ ಅಂತ ಮಾತ್ರ ಕಾಯಬೇಡಿ.

ಪೆರೆಕ್: ಆಟ ಇಷ್ಟಪಡುವವರಿಗೆ

ಜಾರ್ಜ್ ಪೆರೆಕ್ 1969ರಲ್ಲಿ 'ಇ' (e) ಅಕ್ಷರವನ್ನೇ ಬಳಸದೆ ಒಂದಿಡೀ ಕಾದಂಬರಿ ಬರೆದರು. ಗಿಲ್ಬರ್ಟ್ ಅಡೇರ್ ಅದನ್ನು ಇಂಗ್ಲಿಷಿಗೂ 'ಇ' ಇಲ್ಲದೆಯೇ ತಂದರು. ಕೇಳಲು ಸೊಗಸು, ಆದರೆ ಪೆರೆಕ್ ಅವರನ್ನು ತಿಳಿಯಲು ಅದು ಬಾಗಿಲಲ್ಲ. ಅನುವಾದದಲ್ಲಿ ಬಹಳ ಬದಲಾಗುವ ಪುಸ್ತಕ ಅದು.

ಅವರ ಮಹಾಕೃತಿ 1978ರ 'ಲೈಫ್: ಎ ಯೂಸರ್ಸ್ ಮ್ಯಾನುಯಲ್'. ಪ್ಯಾರಿಸ್ಸಿನ ಒಂದು ವಠಾರ, 1975ರ ಜೂನ್ 23ರ ಒಂದು ಸಂಜೆ, ತೊಂಬತ್ತೊಂಬತ್ತು ಅಧ್ಯಾಯ, ಪ್ರತಿ ಕೋಣೆಯಲ್ಲೂ ಕಥೆಯೊಳಗೊಂದು ಕಥೆ. ಕಥಾಸರಿತ್ಸಾಗರದ ಹಾಗೆ ಕಥೆಗಳು ಕವಲೊಡೆಯುವುದು ಇಷ್ಟವಾದರೆ ಇದೂ ಇಷ್ಟವಾಗುತ್ತದೆ. ಡೇವಿಡ್ ಬೆಲ್ಲೋಸ್ ಅವರ ಅನುವಾದ ಬಹಳ ಚೆನ್ನಾಗಿದೆ. ದಪ್ಪ ಪುಸ್ತಕವಾದ್ದರಿಂದ ಕೊಟ್ಟ ದುಡ್ಡಿಗೆ ಓದು ಜಾಸ್ತಿ ಸಿಗುವುದೂ ಇದರಲ್ಲೇ. ಬಿಡುವು ಕಡಿಮೆ ಇದ್ದರೆ 1965ರ 'ಥಿಂಗ್ಸ್' ತೆಗೆದುಕೊಳ್ಳಿ. ಒಳ್ಳೆಯ ಮನೆ, ಒಳ್ಳೆಯ ಸೋಫಾ, ಒಳ್ಳೆಯ ಬಟ್ಟೆ ಬೇಕು ಬೇಕು ಅನ್ನುತ್ತಾ ಬದುಕು ಸವೆಸುವ ಒಂದು ಎಳೆಯ ಜೋಡಿಯ ಕಥೆ. ಮಾರುಕಟ್ಟೆ ಸಮೀಕ್ಷೆ ಮಾಡುವ ಕೆಲಸ ಅವರದು. ಇಂದಿನ ಸಂಬಳದಾರರು ಓದಿದರೆ ತಮ್ಮ ಬಗ್ಗೆಯೇ ಬರೆದಂತೆ ಅನಿಸುತ್ತದೆ.

ಆಟದ ಹಿಂದೆ ಏನಿದೆ ಅನ್ನುವುದೂ ಗೊತ್ತಿರಲಿ. ಪೆರೆಕ್ ಅವರ ತಂದೆ 1940ರಲ್ಲಿ ಯುದ್ಧದಲ್ಲಿ ಸತ್ತರು, ತಾಯಿಯನ್ನು 1943ರಲ್ಲಿ ಆಶ್ವಿಟ್ಸ್‌ಗೆ ಸಾಗಿಸಲಾಯಿತು. ನೇರವಾಗಿ ಹೇಳಲಾಗದ್ದನ್ನು ಅವರು ನಿಯಮಗಳ ಹಿಂದೆ ಇಟ್ಟರು.

ದ್ಯುರಾಸ್, ಕಾರೇರ್ ಮತ್ತು ಉಳಿದವರು

ಮಾರ್ಗರೀತ್ ದ್ಯುರಾಸ್ ಹುಟ್ಟಿದ್ದು 1914ರಲ್ಲಿ, ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ವಿಯೆಟ್ನಾಮಿನ ಸೈಗಾನ್ ಹತ್ತಿರ. ಅವರ ಹೆಸರು ಎತ್ತಿದರೆ ಎಲ್ಲರೂ 1984ರ 'ದಿ ಲವರ್' ಹೇಳುತ್ತಾರೆ. ಅದರ ವಾಕ್ಯಗಳ ಲಯದಲ್ಲೇ ಅದರ ಜೀವ ಇದೆ, ಇಂಗ್ಲಿಷಿನಲ್ಲಿ ಸ್ವಲ್ಪ ಸೋರಿಹೋಗುತ್ತದೆ. ನಾನು ಹೇಳುವುದು 1950ರ 'ದಿ ಸೀ ವಾಲ್' ಮೊದಲು ಓದಿ ಅಂತ. ಒಬ್ಬ ವಿಧವೆ ವರ್ಷಗಟ್ಟಲೆ ಕೂಡಿಟ್ಟ ದುಡ್ಡನ್ನೆಲ್ಲ ಸುರಿದು ಸರ್ಕಾರದಿಂದ ಜಮೀನು ಪಡೆಯುತ್ತಾಳೆ. ಪ್ರತಿ ವರ್ಷ ಸಮುದ್ರದ ನೀರು ನುಗ್ಗುವ ಜಮೀನು ಅದು. ಅಧಿಕಾರಿಗಳಿಗೆ ಲಂಚ ಕೊಟ್ಟಿದ್ದರೆ ಒಳ್ಳೆಯ ಜಮೀನು ಸಿಗುತ್ತಿತ್ತು, ಆಕೆಗೆ ಅದು ಗೊತ್ತಿರಲಿಲ್ಲ. ಸುತ್ತಲಿನ ರೈತರನ್ನು ಸೇರಿಸಿ ತಡೆಗೋಡೆ ಕಟ್ಟುತ್ತಾಳೆ, ಅದೂ ಕುಸಿಯುತ್ತದೆ. ತಾಲ್ಲೂಕು ಕಚೇರಿ ಅಲೆದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜ ಅಪರಾಧದ ಬರವಣಿಗೆ ಓದುವವರಿಗೆ ಎಮ್ಯಾನುಯೆಲ್ ಕಾರೇರ್ ಅವರ 'ದಿ ಅಡ್ವರ್ಸರಿ'. ಹದಿನೆಂಟು ವರ್ಷ ತಾನು ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಡಾಕ್ಟರ್ ಅಂತ ಮನೆಯವರನ್ನೂ ನಂಬಿಸಿ, 1993ರಲ್ಲಿ ಗುಟ್ಟು ಹೊರಬೀಳುವ ಹೊತ್ತಿಗೆ ಅವರನ್ನೆಲ್ಲ ಕೊಂದವನ ನಿಜ ಕಥೆ. ಕೈಗೆತ್ತಿಕೊಂಡರೆ ಬಿಡಲಾಗುವುದಿಲ್ಲ, ಮುಗಿದ ಮೇಲೂ ಕಾಡುತ್ತದೆ. ಮೊರಾಕ್ಕೋದಲ್ಲಿ ಹುಟ್ಟಿದ ಲೈಲಾ ಸ್ಲಿಮಾನಿ ಅವರ 'ಲಲ್ಲಬೈ' 2016ರಲ್ಲಿ ಗೊಂಕೂರ್ ಗೆದ್ದಿತು. ಮಕ್ಕಳನ್ನು ನೋಡಿಕೊಳ್ಳುವ ಆಯಾ ಆ ಮಕ್ಕಳನ್ನೇ ಕೊಂದ ಸಂಗತಿ ಮೊದಲ ಪುಟದಲ್ಲೇ ಬರುತ್ತದೆ. ಎಳೆ ಮಕ್ಕಳಿರುವ ಅಮ್ಮಂದಿರು, ಅಪ್ಪಂದಿರು ಸದ್ಯಕ್ಕೆ ದೂರ ಇಡುವುದು ಒಳ್ಳೆಯದು. ಮಿಶೆಲ್ ವೆಲ್ಬೆಕ್ ಹೆಸರು ಎಲ್ಲ ಕಡೆ ಕೇಳಿಬರುತ್ತದೆ. ಚುರುಕಾದ ಲೇಖಕ, ಆದರೆ ಮನುಷ್ಯರ ಬಗ್ಗೆ ಅವರಿಗಿರುವ ಬೇಸರವೇ ಫ್ರೆಂಚ್ ಸಾಹಿತ್ಯದ ಮೊದಲ ರುಚಿಯಾಗುವುದು ನನಗೆ ಬೇಡ.

ಫ್ರೆಂಚಿನಲ್ಲಿ ಬರೆಯುವವರೆಲ್ಲ ಫ್ರಾನ್ಸಿನವರಲ್ಲ ಅನ್ನುವುದನ್ನೂ ಮರೆಯಬಾರದು. ಮಾರಿಷಸ್ಸಿನ ಆನಂದ ದೇವಿ ಅವರ ಹಿರಿಯರು ತೆಲುಗು ನಾಡಿನಿಂದ ಹೋದವರು. 2006ರ 'ಈವ್ ಔಟ್ ಆಫ್ ಹರ್ ರೂಯಿನ್ಸ್' ಪೋರ್ಟ್ ಲೂಯಿಯ ಬಡ ಕೇರಿಯ ನಾಲ್ವರು ಹದಿಹರೆಯದವರ ಕಥೆ. ಕಾವ್ಯದಂಥ ಗದ್ಯ, ಸಿಟ್ಟಿನಿಂದ ಕುದಿಯುವ ಪುಸ್ತಕ. ಮೇಲೆ ಹೇಳಿದ ತಗ್ಗಿದ ದನಿ ಇಲ್ಲಿ ಇಲ್ಲ. ಮೌನ ಸಾಕು ಅನಿಸಿದ ದಿನ ಇದನ್ನು ಓದಿ.

ಕೊಳ್ಳುವ ಮುಂಚೆ

ಕಡಿಮೆ ಖರ್ಚಿನಲ್ಲಿ ಆಗಬೇಕು ಅಂದರೆ ಕಮೂ ಅವರೇ ಸುಲಭ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಾಗಾಗಿ ಕಮೂ ಬದುಕಿದ್ದಾಗ ಬಂದ ಪುಸ್ತಕಗಳ ಫ್ರೆಂಚ್ ಮೂಲ 2021ರಿಂದ ಭಾರತದಲ್ಲಿ ಮುಕ್ತ. ಮೂಲದಿಂದ ನೇರ ಕನ್ನಡಕ್ಕೆ ತರಬೇಕು ಅನ್ನುವ ಆಸೆ ಇರುವವರಿಗೆ ಇದು ಒಳ್ಳೆಯ ಕಾಲ. ಇಂಗ್ಲಿಷ್ ಅನುವಾದಗಳ ಹಕ್ಕು ಮಾತ್ರ ಬೇರೆ. ಅನುವಾದಕರ ಹೆಸರೇ ಅಚ್ಚಾಗದ ಅಗ್ಗದ ಪ್ರತಿಗಳನ್ನು ಕೊಳ್ಳಬೇಡಿ. ಕೋಲ್ಕತ್ತಾದ ಸೀಗಲ್ ಬುಕ್ಸ್ ಫ್ರೆಂಚ್ ಅನುವಾದಗಳ ದೊಡ್ಡ ಮಾಲೆಯನ್ನೇ ತರುತ್ತಿದೆ, ಅದನ್ನೂ ಒಮ್ಮೆ ನೋಡಿ. ಬೆಂಗಳೂರಿನವರಿಗೆ ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೇಸ್‌ನ ಗ್ರಂಥಾಲಯ ಇದೆ.

ಫ್ರೆಂಚ್ ಕಲಿಯುತ್ತಿರುವವರಿಗೆ ಲೆಕ್ಕ ಸ್ವಲ್ಪ ಬೇರೆ. 'ದಿ ಔಟ್‌ಸೈಡರ್' ಮೂಲದಲ್ಲಿ ಕಥೆ ಸಾಗುವುದು ಮಾತಿನಲ್ಲಿ ಬಳಸುವ ಭೂತಕಾಲದಲ್ಲೇ. ಪಾಠದಲ್ಲಿ ಕಲಿತ ವ್ಯಾಕರಣ ಹೆಚ್ಚುಕಡಿಮೆ ಸಾಲುತ್ತದೆ. ಎರ್ನೋ, ಮೊದಿಯಾನೊ ಇಬ್ಬರ ವಾಕ್ಯಗಳೂ ಸರಳ. ಫೋಲಿಯೋ ಮಾಲೆಯ ಕಿಸೆ ಪ್ರತಿ ಸಿಕ್ಕರೆ ಪಕ್ಕದಲ್ಲಿ ಇಂಗ್ಲಿಷ್ ಇಟ್ಟುಕೊಂಡು ದಿನಕ್ಕೆ ಎರಡು ಪುಟ ಓದಬಹುದು. ಪೆರೆಕ್ ಅವರ ದೊಡ್ಡ ಕಾದಂಬರಿಯನ್ನು ಈ ಹಂತದಲ್ಲಿ ಮೂಲದಲ್ಲಿ ಮುಟ್ಟಬೇಡಿ.

ಮೊದಲನೆಯದು ಹಿಡಿಸಿದರೆ ಎರಡನೆಯದಕ್ಕೆ ದಾರಿ ತಾನಾಗಿ ಸಿಗುತ್ತದೆ. ಎರ್ನೋ ಹಿಡಿಸಿದವರು ಎದುವಾರ್ ಲೂಯಿ ಅವರ 2018ರ 'ಹೂ ಕಿಲ್ಡ್ ಮೈ ಫಾದರ್' ಓದಿ. ಅದೇ ಅಪ್ಪನ ವಿಷಯ, ಆದರೆ ಲೂಯಿ ಸುಮ್ಮನಾಗುವುದಿಲ್ಲ. ಅಪ್ಪನ ಮೈ ಮುರಿದ ಸರ್ಕಾರಿ ನಿರ್ಧಾರಗಳನ್ನು, ಅವನ್ನು ಮಾಡಿದ ಅಧ್ಯಕ್ಷರು ಮಂತ್ರಿಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾರೆ. ಮೊದಿಯಾನೊ ಹಿಡಿಸಿದವರಿಗೆ ಪೆರೆಕ್ ಅವರ 1975ರ 'ಡಬ್ಲ್ಯೂ'. ಅದರಲ್ಲಿ ಬಾಲ್ಯದ ಹರಿದ ನೆನಪುಗಳು ಒಂದು ಅಧ್ಯಾಯ, ಆಟೋಟವೇ ಕಾನೂನಾದ ಒಂದು ದ್ವೀಪದ ಕಥೆ ಇನ್ನೊಂದು ಅಧ್ಯಾಯ, ಹೀಗೆ ಹೆಣೆದುಕೊಂಡು ಹೋಗುತ್ತವೆ. ಆ ದ್ವೀಪ ನಿಜವಾಗಿ ಏನು ಅನ್ನುವುದು ಕೊನೆಯ ಪುಟಗಳಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಮುನ್ನುಡಿಯನ್ನು ಕೊನೆಗೆ ಓದಿ.